ಎಲೆಕ್ಟ್ರಿಕ್ ಗಿಟಾರಿನ ನಾದಸಂಸ್ಕಾರ: ಮನೆಯ ಧ್ವನಿಮುದ್ರಣದ ಒಂದು ಸಮೀಕ್ಷೆ

ವೀಣೆಯ ನಾದವು ವೀಣೆಯ ಕೊಡದಲ್ಲಿಯೇ ಹುಟ್ಟಿ ಅಲ್ಲಿಯೇ ಪರಿಪೂರ್ಣತೆಯನ್ನು ಪಡೆಯುತ್ತದೆ. ಪಿಟೀಲಿನ ನಾದಕ್ಕೂ ಅದರ ಮರದ ಒಡಲೇ ತವರು. ಎಲೆಕ್ಟ್ರಿಕ್ ಗಿಟಾರಿನ ಸ್ಥಿತಿ ಹಾಗಲ್ಲ. ಉಕ್ಕಿನ ತಂತಿಯ ಕಂಪನವನ್ನು ಅಯಸ್ಕಾಂತವೂ ತಾಮ್ರದ ಸುರುಳಿಯೂ ಕೂಡಿದ ಪಿಕಪ್ಪಿನ ಮೂಲಕ ಕ್ಷೀಣವಾದ ಒಂದು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸಿ ಹೊರಕ್ಕೆ ಕಳುಹಿಸುವುದರೊಡನೆ ಈ ವಾದ್ಯದ ಕೆಲಸ ಮುಗಿಯುತ್ತದೆ. ಆ ಸಂಕೇತವು ಆಂಪ್ಲಿಫೈಯರಿನಲ್ಲಿ ಬಲಗೊಂಡು, ಬಲಗೊಳ್ಳುವಾಗಲೇ ವಿಕಾರಹೊಂದಿ, ಸ್ಪೀಕರಿನ ಕಾಗದದ ಶಂಕುವಿನಿಂದ ಗಾಳಿಗೆ ಬಂದು, ಮೈಕಿನಿಂದ ಪುನಃ ವಿದ್ಯುತ್ತಾಗಿ, ಧ್ವನಿಮುದ್ರಣದ ಯಂತ್ರವನ್ನು ಸೇರಿ, ಅಲ್ಲಿ ಉಳಿದ ವಾದ್ಯಗಳೊಡನೆಯೂ ಕಂಠದೊಡನೆಯೂ ಸಮನ್ವಯಗೊಂಡ ಮೇಲೆಯೇ, ಕೇಳುಗನು ಗಿಟಾರಿನ ನಾದವೆಂದು ಗುರುತಿಸುವ ವಸ್ತು ಸಿದ್ಧವಾಗುವುದು.

ಈ ಸರಪಳಿಯ ಒಂದೊಂದು ಕೊಂಡಿಗೂ ಒಬ್ಬೊಬ್ಬ ಬಲ್ಲವನಿದ್ದ ಕಾಲವೊಂದಿತ್ತು. ನುಡಿಸುವವನು ನುಡಿಸುತ್ತಿದ್ದನು, ಧ್ವನಿಮುದ್ರಕನು ಮೈಕುಗಳನ್ನು ಇಡುತ್ತಿದ್ದನು, ನಿರ್ಮಾಪಕನು ಇಷ್ಟು ಸಾಕೆಂದೋ ಸಾಲದೆಂದೋ ಹೇಳುತ್ತಿದ್ದನು. ಇಂದು ಮಲಗುವ ಕೋಣೆಯ ಮೇಜಿನ ಮುಂದೆ ಕುಳಿತ ಒಬ್ಬನೇ ಮನುಷ್ಯನು ಈ ಮೂವರ ಭಾರವನ್ನೂ ಹೊತ್ತಿದ್ದಾನೆ. ಹೊರುವುದಕ್ಕೆ ಬೇಕಾದ ಸಲಕರಣೆಗಳೂ ಅವನಿಗೆ ಅಲ್ಪ ವೆಚ್ಚದಲ್ಲಿ ದೊರೆಯುತ್ತವೆ. ಹಾಗಿದ್ದೂ ಮನೆಯಲ್ಲಿ ಮುದ್ರಿತವಾದ ಗಿಟಾರ್ ಅನೇಕ ವೇಳೆ ತೆಳುವಾಗಿಯೋ, ಕರ್ಕಶವಾಗಿಯೋ, ಮಬ್ಬು ಕವಿದಂತೆಯೋ ಕೇಳಿಬರುವುದೇಕೆ? ಈ ಕಲೆಯಲ್ಲಿ ಇಂದಿಗೆ ಬಗೆಹರಿದಿರುವುದು ಯಾವುದು, ಬಗೆಹರಿಯದೆ ಉಳಿದಿರುವುದು ಯಾವುದು? ಉಪಕರಣದ ದಾರಿದ್ರ್ಯವು ಬಹುಮಟ್ಟಿಗೆ ನೀಗಿದೆಯೆಂದೂ, ಅದರ ಸ್ಥಾನದಲ್ಲಿ ನಿರ್ಣಯದ ದಾರಿದ್ರ್ಯವೊಂದು ಬಂದು ಕುಳಿತಿದೆಯೆಂದೂ ನನ್ನ ಅಭಿಪ್ರಾಯ. ಅದನ್ನು ಸಮರ್ಥಿಸುವುದಕ್ಕೆ ಸ್ವಲ್ಪ ಚರಿತ್ರೆಯನ್ನೂ ಸ್ವಲ್ಪ ಶಾಸ್ತ್ರವನ್ನೂ ನೋಡಬೇಕಾಗುತ್ತದೆ.

ಮನೆಯ ಮುದ್ರಣದ ಪೂರ್ವಚರಿತ್ರೆ

ಅಮೆರಿಕದಲ್ಲಿ ಜಾರ್ಜ್ ಬೀಚಂ ಎಂಬಾತನು 1931ರಲ್ಲಿ ರೂಪಿಸಿದ, ಮರುವರ್ಷ ರಿಕನ್‌ಬ್ಯಾಕರ್ ಎಂದು ಮುಂದೆ ಹೆಸರಾದ ಕಂಪನಿಯಿಂದ ಹೊರಬಂದ, ಬಾಣಲೆಯ ಆಕೃತಿಯ ಗಿಟಾರಿನಿಂದ ಈ ವಾದ್ಯದ ವ್ಯಾವಹಾರಿಕ ಜೀವನ ಪ್ರಾರಂಭವಾಯಿತು. ಅಂದಿನ ಉದ್ದೇಶ ಸರಳವಾದುದು: ತಾಳವಾದ್ಯಗಳೂ ತುತ್ತೂರಿಗಳೂ ಮೊರೆಯುವ ಮೇಳದ ನಡುವೆ ಗಿಟಾರ್ ಕೇಳಿಸಬೇಕು, ಅಷ್ಟೆ. ಆದರೆ ಎರಡು ದಶಕಗಳೊಳಗಾಗಿ ಲೆಸ್ ಪಾಲ್ ಎಂಬ ವಾದಕನು, ಮುದ್ರಣವೇ ಒಂದು ವಾದ್ಯವಾಗಬಲ್ಲುದೆಂಬುದನ್ನು ತನ್ನ ಮನೆಯಲ್ಲಿಯೇ ಸಾಧಿಸಿ ತೋರಿಸಿದನು. ತನ್ನ ನುಡಿಸಾಣಿಕೆಯ ಮೇಲೆ ತಾನೇ ಮತ್ತೊಮ್ಮೆ ನುಡಿಸಿ, ಅದರ ಮೇಲೆ ಪತ್ನಿ ಮೇರಿ ಫೋರ್ಡಳ ಕಂಠವನ್ನು ಪದರಪದರವಾಗಿ ಹಾಸಿ, 1951ರಲ್ಲಿ ಹೊರತಂದ ‘ಹೌ ಹೈ ದ ಮೂನ್’ ಎಂಬ ಗೀತೆಯು ಆ ದೇಶದ ಜನಪ್ರಿಯತೆಯ ಶಿಖರವನ್ನೇರಿತು.

ಆ ಗೀತೆಯ ವಿಧಾನವನ್ನು ಇಲ್ಲಿ ಕೊಂಚ ಹತ್ತಿರದಿಂದ ನೋಡುವುದು ಯುಕ್ತ. ಲೆಸ್ ಪಾಲನ ಟೇಪ್ ಯಂತ್ರದಲ್ಲಿ ಒಂದೊಂದು ಪದರಕ್ಕೆ ಒಂದೊಂದು ಪ್ರತ್ಯೇಕ ಪಥವಿರಲಿಲ್ಲ. ಹಳೆಯ ಪದರವನ್ನು ಓದಿಕೊಂಡು, ಹೊಸದನ್ನು ಅದಕ್ಕೆ ಬೆರಸಿ, ಬೆರಸಿದುದನ್ನು ಅದೇ ಟೇಪಿನ ಮೇಲೆ ಪುನಃ ಬರೆಯಬೇಕಾಗಿತ್ತು. ಹಾಗೆ ಬರೆಯುವಾಗ ಹಳೆಯದು ಅಳಿಸಿಹೋಗುತ್ತಿತ್ತು. ಹತ್ತನೆಯ ಪದರದಲ್ಲಿ ಬೆರಳು ತಪ್ಪಿದರೆ ಮೊದಲಿನ ಒಂಬತ್ತೂ ಮಣ್ಣುಪಾಲು. ಅಲ್ಲದೆ ಪ್ರತಿಯೊಂದು ಬರವಣಿಗೆಯಲ್ಲಿಯೂ ಮೊದಲಿನ ನಾದವು ಇಷ್ಟಿಷ್ಟು ಮಾಸುತ್ತಿದ್ದುದರಿಂದ, ಗೌಣವಾದ ಪದರಗಳನ್ನು ಮೊದಲು ಮುದ್ರಿಸಿ, ಕೇಳುಗನ ಕಿವಿಗೆ ನೇರವಾಗಿ ಮುಟ್ಟಬೇಕಾದ ಮುಖ್ಯ ಪದರವನ್ನು ಕಡೆಗೆ ಇಟ್ಟುಕೊಳ್ಳಬೇಕಾಗಿತ್ತು. ಎಂದರೆ ಮೊದಲ ತಂತಿಯನ್ನು ಮೀಟುವುದಕ್ಕೆ ಮುನ್ನವೇ ಗೀತೆಯ ಸಮಗ್ರ ಸ್ವರೂಪವು ಮನಸ್ಸಿನಲ್ಲಿ ಸಿದ್ಧವಾಗಿರಬೇಕು. ಯಾವುದು ಮುಂದೆ ನಿಲ್ಲತಕ್ಕದ್ದು, ಯಾವುದು ಹಿಂದೆ ಸರಿಯತಕ್ಕದ್ದು ಎಂಬ ತೀರ್ಮಾನವು ಕೆಲಸದ ಕೊನೆಗಲ್ಲ, ಆರಂಭಕ್ಕೇ ಆಗಿಹೋಗಿರಬೇಕು.

ಅನಂತರದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1961ರಲ್ಲಿ ಹೊರಬಂದ, ಗಾಯಕ ಮಾರ್ಟಿ ರಾಬಿನ್ಸನ ಗೀತೆಯೊಂದನ್ನು ನ್ಯಾಶ್‌ವಿಲ್ಲಿನ ಸ್ಟುಡಿಯೋವೊಂದರಲ್ಲಿ ಮುದ್ರಿಸುತ್ತಿದ್ದಾಗ, ಮಿಕ್ಸಿಂಗ್ ಯಂತ್ರದ ಒಂದು ಭಾಗ ಕೆಟ್ಟು ವಾದಕ ಗ್ರೇಡಿ ಮಾರ್ಟಿನನ ಗಿಟಾರಿನ ಧ್ವನಿಯು ಒಡೆದು ಗೊರಗೊರನೆ ಬಂದಿತು. ಅದನ್ನು ಕೇಳಿದವರು ಅಳಿಸದೆ ಉಳಿಸಿಕೊಂಡರು. ಮರುವರ್ಷವೇ ಆ ವಿಕಾರವನ್ನು ಬೇಕೆಂದಾಗ ಕೊಡಬಲ್ಲ ಫಝ್ ಎಂಬ ಪೆಟ್ಟಿಗೆಯು ಮಾರುಕಟ್ಟೆಗೆ ಬಂದು, ದೋಷವೆನಿಸಿದ್ದುದು ಗುಣವಾಗಿ ಪರಿಣಮಿಸಿತು. 1976ರಲ್ಲಿ ಬಾಸ್ಟನ್ ತಂಡದ ಮೊದಲ ಆಲ್ಬಮ್ ಹೊರಬಂದಿತು. ಪೋಲರಾಯ್ಡ್ ಕಂಪನಿಯಲ್ಲಿ ಇಂಜಿನಿಯರಾಗಿದ್ದ ಟಾಮ್ ಶೋಲ್ಜ್ ಎಂಬಾತನು ಅದರ ಬಹುಭಾಗವನ್ನು ತನ್ನ ಮನೆಯ ನೆಲಮಾಳಿಗೆಯಲ್ಲಿ ಮುದ್ರಿಸಿದ್ದನು. ಅದು ಕೋಟಿಗೂ ಮೀರಿ ಮಾರಾಟವಾಗಿ, ಮನೆಯ ಕೆಲಸವು ಸ್ಟುಡಿಯೋವಿನ ಕೆಲಸಕ್ಕೆ ಸೋಲಬೇಕಾದ ನಿಯಮವೇನೂ ಇಲ್ಲವೆಂದು ನಿರ್ವಿವಾದವಾಗಿ ತೋರಿಸಿಕೊಟ್ಟಿತು. 1979ರಲ್ಲಿ ಟ್ಯಾಸ್ಕ್ಯಾಮ್ ಕಂಪನಿಯ ಪೋರ್ಟಾಸ್ಟುಡಿಯೋ, ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕುಗಳನ್ನು ಕೊಟ್ಟಿತು. 1998ರಲ್ಲಿ ಲೈನ್ 6 ಕಂಪನಿಯ ಪಾಡ್ ಎಂಬ ಕೆಂಪು ಪೆಟ್ಟಿಗೆಯು ಹಲವು ಆಂಪ್ಲಿಫೈಯರುಗಳ ಅನುಕರಣವನ್ನು ಅಂಗೈಯಗಲದ ಜಾಗದಲ್ಲಿ ಅಡಕಮಾಡಿತು. ಆಮೇಲೆ ಕಂಪ್ಯೂಟರೇ ಟೇಪೂ ಆಯಿತು, ಆಂಪೂ ಆಯಿತು.

ಮೂಲ ಸಂಕೇತದ ಶುದ್ಧಿ

ಸಂಸ್ಕಾರದ ವಿಚಾರಕ್ಕೆ ಮುನ್ನ ಸಂಸ್ಕರಿಸಬೇಕಾದ ವಸ್ತುವಿನ ಯೋಗ್ಯತೆಯನ್ನು ನೋಡಬೇಕು. ಪಿಕಪ್ಪಿನ ಸುರುಳಿಯಲ್ಲಿ ಸಾವಿರಾರು ಸುತ್ತುಗಳಿರುವುದರಿಂದ ಅದರ ಸಂಕೇತವು, ತನ್ನಿಂದ ಹೆಚ್ಚು ಪ್ರವಾಹವನ್ನು ಎಳೆಯುವ ಯಾವ ಯಂತ್ರಕ್ಕೆ ಸೇರಿದರೂ ಸೊರಗುತ್ತದೆ, ಅದರಲ್ಲಿಯೂ ತಾರಭಾಗವು ಬೇಗನೆ ನಷ್ಟವಾಗುತ್ತದೆ. ಈ ಕಾರಣದಿಂದಲೇ ಗಿಟಾರನ್ನು ಸೇರಿಸತಕ್ಕ ದ್ವಾರಕ್ಕೆ ಸುಮಾರು 10 ಲಕ್ಷ ಓಮಿನ ಪ್ರತಿರೋಧ ಇರಬೇಕೆಂಬ ರೂಢಿ ಬಂದಿದೆ. ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸಿನಲ್ಲಿ ವಾದ್ಯಕ್ಕೆಂದು ಇಟ್ಟಿರುವ ದ್ವಾರವನ್ನು ಬಿಟ್ಟು ಸಾಧಾರಣ ಲೈನ್ ದ್ವಾರಕ್ಕೆ ತಂತಿಯನ್ನು ಚುಚ್ಚಿ, ಆಮೇಲೆ ಮಂಕಾದ ನಾದವನ್ನು, ಆವರ್ತನಗಳ ಪ್ರಮಾಣವನ್ನು ಏರಿಳಿಸುವ ಈಕ್ವಲೈಜರಿನಿಂದ ಬೆಳಗಲು ಹೊರಡುವವರ ಶ್ರಮವೆಲ್ಲ ವ್ಯರ್ಥವಾಗುವುದು ಈ ಒಂದು ಸಂಗತಿಯ ಅಜ್ಞಾನದಿಂದ.

ಎರಡನೆಯದು ಸದ್ದಿನ ಕಾಟ. ನಮ್ಮ ದೇಶದ ಮನೆಗಳಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದಲ್ಲಿ ಹರಿಯುವುದರಿಂದ, ಒಂಟಿ ಸುರುಳಿಯ ಪಿಕಪ್ಪುಳ್ಳ ಗಿಟಾರಿನಲ್ಲಿ 50 ಹರ್ಟ್ಜಿನ ಗುಂಯ್‌ಗುಡುವಿಕೆಯೂ ಅದರ ಮೇಲಣ 100, 150 ಮುಂತಾದ ಉಪಸ್ವರಗಳೂ ಬೇಡವೆಂದರೂ ಬಂದು ಸೇರುತ್ತವೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರ ಸುಮಾರಿಗೆ ರೂಪಿಸಿದ ಜೋಡಿ ಸುರುಳಿಯ ಪಿಕಪ್ಪು ಈ ಕಾಟಕ್ಕೆ ಶಾಸ್ತ್ರೀಯವಾದ ಪರಿಹಾರ: ಎರಡು ಸುರುಳಿಗಳನ್ನು ವಿರುದ್ಧವಾಗಿ ಹೆಣೆದು ಅವುಗಳ ಅಯಸ್ಕಾಂತ ಧ್ರುವಗಳನ್ನೂ ವಿರುದ್ಧವಾಗಿ ಇಟ್ಟರೆ ಹೊರಗಿನಿಂದ ಬಂದ ಸದ್ದು ಪರಸ್ಪರ ರದ್ದಾಗಿ ತಂತಿಯ ನಾದವು ಉಳಿಯುತ್ತದೆ. ಆ ಪಿಕಪ್ಪಿಲ್ಲದವರಿಗೂ ಮನೆಮದ್ದುಗಳುಂಟು. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಮುದ್ರಣದ ವೇಳೆ ಆರಿಸುವುದು. ಅರ್ತಿಂಗ್ ಸರಿಯಾಗಿರುವ ಮೂರು ಪಿನ್ನಿನ ಸಾಕೆಟ್ಟನ್ನೇ ಬಳಸುವುದು. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸುವುದು. ಕುರ್ಚಿಯನ್ನು ಇಷ್ಟಿಷ್ಟೇ ತಿರುಗಿಸುತ್ತ ಯಾವ ದಿಕ್ಕಿಗೆ ಮುಖಮಾಡಿದಾಗ ಗುಂಯ್‌ಕಾರ ಅಡಗುವುದೋ ಆ ದಿಕ್ಕಿಗೇ ಕುಳಿತು ನುಡಿಸುವುದು. ಇವೆಲ್ಲ ಕ್ಷುಲ್ಲಕವೆಂದು ಕಂಡರೂ ಕ್ಷುಲ್ಲಕವಲ್ಲ. ಏಕೆಂದರೆ ಮುಂದೆ ಆಂಪಿನ ವಿಕಾರ, ಎಂದರೆ ಡಿಸ್ಟಾರ್ಷನ್ ಎಂಬುದು, ತಂತಿಯ ಪಿಸುಮಾತನ್ನು ಹಿಗ್ಗಿಸುವಷ್ಟೇ ನಿಷ್ಪಕ್ಷಪಾತವಾಗಿ ಈ ಸದ್ದನ್ನೂ ಹಿಗ್ಗಿಸುತ್ತದೆ.

ಮೂರನೆಯದು ಮಟ್ಟ. 24 ಬಿಟ್ಟಿನ ಮುದ್ರಣದಲ್ಲಿ ತಾತ್ತ್ವಿಕವಾಗಿ 144 ಡೆಸಿಬೆಲ್‌ಗಳ ವ್ಯಾಪ್ತಿಯಿರುವುದರಿಂದ, ಟೇಪಿನ ಕಾಲದಂತೆ ಮುಳ್ಳನ್ನು ಕೆಂಪಿನ ಅಂಚಿಗೆ ತಳ್ಳಬೇಕಾದ ಅವಶ್ಯಕತೆಯೇ ಇಲ್ಲ; ಅತಿ ಗಟ್ಟಿಯಾದ ಮೀಟು ಕೂಡ ಮಿತಿಗಿಂತ ಹತ್ತು ಹನ್ನೆರಡು ಡೆಸಿಬೆಲ್ ಕೆಳಗೇ ನಿಲ್ಲುವಂತೆ ಇಟ್ಟುಕೊಂಡವನಿಗೆ ನಷ್ಟವೇನೂ ಇಲ್ಲ, ನೆಮ್ಮದಿ ಮಾತ್ರ ಉಂಟು.

ಆಂಪ್ಲಿಫೈಯರಿನ ಮೂರು ಮಾರ್ಗಗಳು

ಮೂಲ ಸಂಕೇತಕ್ಕೆ ರೂಪ ಕೊಡುವ ವಿಷಯದಲ್ಲಿ ಇಂದು ಮೂರು ಮಾರ್ಗಗಳಿವೆ. ಮೊದಲನೆಯದು ನಿಜವಾದ ಆಂಪ್ಲಿಫೈಯರನ್ನೂ ಸ್ಪೀಕರನ್ನೂ ಮೊಳಗಿಸಿ, ಮುಂದೆ ಮೈಕನ್ನಿಡುವ ಪ್ರಾಚೀನ ಮಾರ್ಗ. 1965ರಿಂದ ತಯಾರಾಗುತ್ತಿರುವ ಶೂರ್ ಕಂಪನಿಯ ಎಸ್‌ಎಮ್57 ಎಂಬ ಅಗ್ಗವಾದ ಮೈಕು ಈ ಕೆಲಸಕ್ಕೆ ಜಗತ್ತಿನಾದ್ಯಂತ ಹೆಸರಾದುದು. ಸ್ಪೀಕರಿನ ಬಟ್ಟೆಯ ಮುಂದೆ, ಶಂಕುವಿನ ನಟ್ಟನಡುವೆ ಅದನ್ನು ಹಿಡಿದರೆ ನಾದವು ಹರಿತವಾಗಿ, ಕೆಲವೊಮ್ಮೆ ಕಿವಿ ಚುಚ್ಚುವಂತೆ ಬರುತ್ತದೆ. ಅಂಚಿನ ಕಡೆಗೆ ಎರಡು ಮೂರು ಬೆರಳಿನಷ್ಟು ಸರಿಸಿದರೆ ಆ ಹರಿತವು ಮೆತ್ತಗಾಗಿ, ಮಂದ್ರದ ಭಾಗವು ಮೇಲೆದ್ದು, ಬೇರೊಂದು ಆಂಪನ್ನೇ ತಂದಿಟ್ಟರೋ ಎನ್ನುವಷ್ಟು ವ್ಯತ್ಯಾಸವಾಗುತ್ತದೆ. ಎರಡು ಬೆರಳಿನ ಈ ಚಲನೆಯು ಮಾಡುವ ಕೆಲಸವನ್ನು ಈಕ್ವಲೈಜರಿನ ಹತ್ತು ಗುಂಡಿಗಳು ಮಾಡಲಾರವು. ಎರಡನೆಯ ಮೈಕನ್ನು ಸೇರಿಸುವವರು ಮಾತ್ರ ಒಂದು ಲೆಕ್ಕವನ್ನು ಮರೆಯಬಾರದು. ಶಬ್ದವು 34 ಸೆಂಟಿಮೀಟರ್ ಕ್ರಮಿಸಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಅಷ್ಟು ಅಂತರದಲ್ಲಿ ಇಟ್ಟ ಎರಡು ಮೈಕುಗಳನ್ನು ಸಮನಾಗಿ ಬೆರಸಿದರೆ 500, 1500, 2500 ಹರ್ಟ್ಜುಗಳ ಬಳಿ ಅಲೆಗಳು ಒಂದನ್ನೊಂದು ನುಂಗಿಹಾಕುತ್ತವೆ. ನಾದದ ಮಾಂಸಖಂಡವಿರುವುದೇ ಆ ಪ್ರದೇಶದಲ್ಲಿ.

ಈ ಮಾರ್ಗಕ್ಕೆ ಮನೆಯಲ್ಲಿರುವ ವಿಘ್ನವು ಸಂಗೀತಶಾಸ್ತ್ರದ್ದಲ್ಲ, ನೆರೆಹೊರೆಯದು. ವಾಲ್ವ್ ಆಂಪುಗಳ ಪ್ರಸಿದ್ಧವಾದ ನಾದವು ಅವನ್ನು ಗಟ್ಟಿಯಾಗಿ ಮೊಳಗಿಸಿ ಅವುಗಳ ಶಕ್ತಿಯ ಅಂಚಿಗೆ ತಂದಾಗ ಹುಟ್ಟತಕ್ಕದ್ದು. ಬೆಂಗಳೂರಿನಲ್ಲಿ ಈ ವಾದ್ಯಕ್ಕೆ ಉಪಾಸಕರ ಕೊರತೆಯಿಲ್ಲ: ಥರ್ಮಲ್ ಅಂಡ್ ಎ ಕ್ವಾರ್ಟರ್, ಕ್ರಿಪ್ಟೋಸ್ ಮೊದಲಾದ ತಂಡಗಳು ಹುಟ್ಟಿದ ಊರಿದು; 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ಅರಮನೆ ಮೈದಾನದಲ್ಲಿ ನುಡಿಸಿದಾಗ ಅಲ್ಲಿ ನೆರೆದಿದ್ದ ತರುಣರಲ್ಲಿ ಎಷ್ಟೋ ಮಂದಿ ಇಂದು ತಮ್ಮ ಫ್ಲ್ಯಾಟುಗಳಲ್ಲಿ ಗಿಟಾರ್ ಮುದ್ರಿಸುತ್ತಿರಬೇಕು. ಆದರೆ ಕೆಳಗಡೆ ಮಗು ಮಲಗಿರುವ, ಮೇಲ್ಗಡೆ ಅಜ್ಜಿ ಮಲಗಿರುವ ಮಹಡಿಯಲ್ಲಿ ಐವತ್ತು ವಾಟಿನ ಆಂಪನ್ನು ಪೂರ್ಣಶಕ್ತಿಯಿಂದ ಮೊಳಗಿಸುವುದು ಯಾವ ನ್ಯಾಯಕ್ಕೂ ಒಪ್ಪದ ಮಾತು.

ಎರಡನೆಯ ಮಾರ್ಗವು ಅನುಕರಣದ್ದು. ಆಂಪಿನ ವಿದ್ಯುನ್ಮಂಡಲವು ಹೇಗೆ ವರ್ತಿಸುವುದೆಂಬುದನ್ನು ಗಣಿತದಲ್ಲಿ ನಿರೂಪಿಸಿ, ಮುದ್ರಣದ ತಂತ್ರಾಂಶದೊಳಗೆ ಸೇರಿಸಬಹುದಾದ ಪ್ಲಗಿನ್ ರೂಪದಲ್ಲಿ ಕೊಡುವುದು. ಮೂರನೆಯದು ಅಚ್ಚೆತ್ತುವ ಮಾರ್ಗ. 2011ರಲ್ಲಿ ಬಂದ ಜರ್ಮನಿಯ ಕೆಂಪರ್ ಯಂತ್ರವು, ಒಳಗೇನು ನಡೆಯುತ್ತಿದೆಯೆಂದು ಕೇಳದೆಯೇ, ಆಂಪಿಗೆ ಪರೀಕ್ಷಾಸಂಕೇತಗಳನ್ನು ಕೊಟ್ಟು ಅದರ ಉತ್ತರವನ್ನು ಆಲಿಸಿ ಅದರ ಪ್ರತಿಬಿಂಬವನ್ನು ಕಟ್ಟಿತು. ಈಚೆಗೆ ನ್ಯೂರಲ್ ಆಂಪ್ ಮಾಡೆಲರ್ ಮುಂತಾದ ಮುಕ್ತ ತಂತ್ರಾಂಶಗಳು ನರಜಾಲದ ಗಣಿತದಿಂದ ಅದೇ ಕೆಲಸವನ್ನು ಉಚಿತವಾಗಿಯೇ ಮಾಡಿಕೊಡುತ್ತಿವೆ. ಇವೆರಡು ಮಾರ್ಗಗಳಿಗೂ ಪೂರಕವಾಗಿ ಸ್ಪೀಕರ್ ಪೆಟ್ಟಿಗೆಯ ಅಚ್ಚು ಇರುತ್ತದೆ. ಇಂಪಲ್ಸ್ ರೆಸ್ಪಾನ್ಸ್ ಎಂದು ಅದಕ್ಕೆ ಹೆಸರು. ಸ್ಪೀಕರು ಬಹುಮಟ್ಟಿಗೆ ಸರಳರೇಖೆಯ ವರ್ತನೆಯದಾದುದರಿಂದ ಒಂದೇ ಒಂದು ಸ್ಪಂದನಕ್ಕೆ ಅದು ಕೊಡುವ ಪ್ರತಿಕ್ರಿಯೆಯಿಂದ ಅದರ ಸ್ವಭಾವವೆಲ್ಲ ತಿಳಿದುಹೋಗುತ್ತದೆ. ಆಂಪಿನ ವಿಕಾರವಾದರೋ ಮೀಟಿನ ಬಲಕ್ಕೆ ತಕ್ಕಂತೆ ಬದಲಾಗುವುದರಿಂದ ಅದನ್ನು ಹಾಗೆ ಹಿಡಿಯಲಾಗದು.

ಸ್ಪೀಕರಿನ ಈ ಭಾಗವನ್ನು ಅಲಕ್ಷಿಸುವುದು ಹೊಸಬರಲ್ಲಿ ಸಾಮಾನ್ಯ. ಹನ್ನೆರಡು ಅಂಗುಲದ ಗಿಟಾರ್ ಸ್ಪೀಕರು ಸುಮಾರು 5 ಕಿಲೋಹರ್ಟ್ಜಿನ ಮೇಲೆ ಕಡಿದಾಗಿ ಇಳಿದುಬಿಡುತ್ತದೆ. ಡಿಸ್ಟಾರ್ಷನ್ ಹೊಂದಿದ ಸಂಕೇತವನ್ನು ಈ ಸೋಸುವಿಕೆಯಿಲ್ಲದೆ ಕೇಳಿದರೆ ಅದು ಕೆರಳಿದ ಜೇನುಹುಟ್ಟಿನ ಮೊರೆತದಂತಿರುತ್ತದೆ. ಆದುದರಿಂದ ಆಂಪಿನ ಹೆಸರುಗಳನ್ನು ಹುಡುಕುವುದರಲ್ಲಿ ಕಳೆಯುವ ಕಾಲದಲ್ಲಿ ಅರ್ಧವನ್ನಾದರೂ ಯೋಗ್ಯವಾದ ಸ್ಪೀಕರ್ ಅಚ್ಚನ್ನು ಆರಿಸುವುದಕ್ಕೆ ಮೀಸಲಿಡುವುದು ಲಾಭಕರ. ಈ ಮೂರು ಮಾರ್ಗಗಳಲ್ಲಿ ಯಾವುದು ಶ್ರೇಷ್ಠವೆಂಬ ವಾಗ್ವಾದವು ನುಡಿಸುವವನ ಬೆರಳಿಗೆ ಸಿಗುವ ಸುಖದ ದೃಷ್ಟಿಯಿಂದ ಇನ್ನೂ ಜೀವಂತವಾಗಿರಬಹುದು. ಮಿಕ್ಸಿನಲ್ಲಿ, ಎಂದರೆ ಎಲ್ಲ ವಾದ್ಯಗಳೂ ಬೆರೆತ ಮುದ್ರಣದಲ್ಲಿ, ಕೇಳುವವನ ದೃಷ್ಟಿಯಿಂದ ಅದು ಮುಗಿದ ಅಧ್ಯಾಯವೆಂದೇ ನಾನು ಎಣಿಸುತ್ತೇನೆ.

ವಿಕಾರದ ಶಾಸ್ತ್ರ

ಅಲೆಯ ತಲೆಯು ಮಿತಿಯನ್ನು ಮುಟ್ಟಿ ಚಪ್ಪಟೆಯಾದಾಗ, ಮೂಲದಲ್ಲಿಲ್ಲದ ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. ಒಂದೇ ಸ್ವರವಾದರೆ ಈ ಸಂತಾನವೆಲ್ಲ ಆ ಸ್ವರದ ಗುಣಕಗಳಾಗಿಯೇ ಇದ್ದು ನಾದಕ್ಕೆ ಪುಷ್ಟಿ ಕೊಡುತ್ತದೆ. ಎರಡು ಸ್ವರಗಳು ಒಟ್ಟಿಗೆ ಒಳಹೊಕ್ಕರೆ ಅವುಗಳ ಮೊತ್ತವೂ ವ್ಯತ್ಯಾಸವೂ ಹೊಸ ಸ್ವರಗಳಾಗಿ ತಲೆಯೆತ್ತುತ್ತವೆ. ಷಡ್ಜ ಪಂಚಮಗಳ ಸಂಬಂಧವು ಎರಡಕ್ಕೆ ಮೂರು. ಅವುಗಳ ವ್ಯತ್ಯಾಸವು ಒಂದು. ಎಂದರೆ ನುಡಿಸಿದ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗಿನ ಷಡ್ಜವು ತಾನಾಗಿ ಹುಟ್ಟಿ, ನುಡಿಸಿದುದಕ್ಕಿಂತ ಗಂಭೀರವಾದ ನಾದವು ಲಭಿಸುತ್ತದೆ. ತಂಬೂರಿಯ ಪಂಚಮದ ಮುಂದೆ ಬೆಳೆದ ಕಿವಿಗಳಿಗೆ ಈ ಸಾಮರಸ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ. ರಾಕ್ ಸಂಗೀತದಲ್ಲಿ ಪವರ್ ಕಾರ್ಡ್ ಎಂದು ಕರೆಯುವ, ಷಡ್ಜ ಪಂಚಮಗಳಷ್ಟೇ ಉಳ್ಳ ಹಿಡಿತವು ಡಿಸ್ಟಾರ್ಷನ್ನಿನ ಅಡಿಯಲ್ಲಿ ರಾರಾಜಿಸುವುದಕ್ಕೆ ಕಾರಣ ಇದೇ. ಗಿಟಾರಿನ ಮೆಟ್ಟಿಲುಗಳ ಸಮವಿಭಾಗ ಶ್ರುತಿಯಲ್ಲಿ ಪಂಚಮವು ಶುದ್ಧಸ್ಥಾನದಿಂದ ಸುಮಾರು ಎರಡು ಸೆಂಟ್ ಮಾತ್ರ ಸರಿದಿರುವುದು. ಅಂತರ ಗಾಂಧಾರವಾದರೋ ಸುಮಾರು ಹದಿನಾಲ್ಕು ಸೆಂಟ್ ಮೇಲಿರುವುದು. ಆ ಗಾಂಧಾರವನ್ನು ಕೂಡಿಸಿ ಪೂರ್ಣ ಕಾರ್ಡನ್ನು ಗಾಢವಾದ ಡಿಸ್ಟಾರ್ಷನ್ನಿಗೆ ಒಡ್ಡಿದರೆ ಹುಟ್ಟುವ ವ್ಯತ್ಯಾಸಸ್ವರಗಳು ಒಂದಕ್ಕೊಂದು ಹೊಂದದೆ ಕಲಕಿಹೋಗುತ್ತವೆ. ಇಂತಹ ಕಲಕನ್ನು ಯಾವ ಈಕ್ವಲೈಜರಿನಿಂದಲೂ ತೊಳೆಯಲಾಗದು. ಅದರ ಪರಿಹಾರವು ಎರಡು ಬೆರಳುಗಳನ್ನು ತಂತಿಯಿಂದ ಎತ್ತುವುದರಲ್ಲಿಯೋ ಆಂಪಿನ ವರ್ಧನೆಯ ಪ್ರಮಾಣವಾದ ಗೇಯ್ನನ್ನು ತಗ್ಗಿಸುವುದರಲ್ಲಿಯೋ ಇದೆ.

ಇದರಿಂದ ಫಲಿಸುವ ಇನ್ನೊಂದು ಸಂಗತಿಯೇನೆಂದರೆ, ವಿಕಾರವು ಸ್ವತಃ ಒಂದು ಕಂಪ್ರೆಸರು, ಎಂದರೆ ನಾದದ ಎತ್ತರ ತಗ್ಗುಗಳನ್ನು ಸಮಮಾಡುವ ಸಾಧನ. ತಲೆಯನ್ನು ಕತ್ತರಿಸಿದ ಅಲೆಯಲ್ಲಿ ಎತ್ತರ ತಗ್ಗುಗಳು ಆಗಲೇ ಸಮನಾಗಿರುವುದರಿಂದ, ಗಾಢವಾದ ಗಿಟಾರಿಗೆ ಮತ್ತೊಂದು ಕಂಪ್ರೆಸರನ್ನು ಹೂಡುವುದು ಬಹುಪಾಲು ಅನಾವಶ್ಯಕ. ಶುಭ್ರವಾದ, ಮೀಟಿ ಮೀಟಿ ನುಡಿಸುವ ಗಿಟಾರಿಗಾದರೆ ಅದು ನಿಜವಾದ ಉಪಕಾರಿ.

ಮಿಕ್ಸಿನೊಳಗಿನ ಸ್ಥಾನ

ಈಗ ಪ್ರಕೃತ ವಿಷಯದ ಹೃದಯಕ್ಕೆ ಬರೋಣ. ಸಾಧಾರಣ ಶ್ರುತಿಯ ಗಿಟಾರಿನ ದಪ್ಪ ತಂತಿಯು 82 ಹರ್ಟ್ಜಿನಲ್ಲಿಯೂ, ಸಣ್ಣ ತಂತಿಯು ಇಪ್ಪತ್ತನಾಲ್ಕನೆಯ ಮೆಟ್ಟಿಲಿನಲ್ಲಿ ಸುಮಾರು 1320 ಹರ್ಟ್ಜಿನಲ್ಲಿಯೂ ಕಂಪಿಸುತ್ತದೆ. ಉಪಸ್ವರಗಳನ್ನು ಕೂಡಿಸಿಕೊಂಡರೂ ಸ್ಪೀಕರಿನ ಮಿತಿಯೊಳಗೆ 5 ಕಿಲೋಹರ್ಟ್ಜನ್ನು ಅಷ್ಟಾಗಿ ದಾಟುವುದಿಲ್ಲ. ಎಂದರೆ ಗಿಟಾರು ಮೂಲತಃ ಮಧ್ಯಪ್ರದೇಶದ ವಾದ್ಯ. ಆದರೆ ಒಂಟಿಯಾಗಿ ಕುಳಿತು ನುಡಿಸುವವನಿಗೆ ಮಂದ್ರವನ್ನೂ ತಾರವನ್ನೂ ಏರಿಸಿ ಮಧ್ಯವನ್ನು ಕೊರೆದ ನಾದವೇ ಭವ್ಯವಾಗಿ ತೋರುತ್ತದೆ. ಅದೇ ನಾದವನ್ನು ಬಾಸ್ ಗಿಟಾರ್, ಡ್ರಮ್, ಕಂಠಗಳ ನಡುವೆ ತಂದು ನಿಲ್ಲಿಸಿದ ಕ್ಷಣದಲ್ಲಿ ಅದರ ಮಂದ್ರವನ್ನು ಬಾಸು ಮುಚ್ಚುತ್ತದೆ, ತಾರವನ್ನು ತಾಳದ ತಟ್ಟೆಗಳು ಮುಚ್ಚುತ್ತವೆ, ಉಳಿಯಬೇಕಾಗಿದ್ದ ಮಧ್ಯವು ಮೊದಲೇ ಇಲ್ಲ, ಗಿಟಾರು ಮಾಯವಾಗುತ್ತದೆ. ಅದನ್ನು ಹುಡುಕಲು ಮಟ್ಟವನ್ನು ಏರಿಸಿದರೆ ಎಲ್ಲವೂ ಮಸುಕಾಗುತ್ತದೆ.

ಆದುದರಿಂದ ಅನುಭವಿಗಳ ಕ್ರಮವು ತ್ಯಾಗದಿಂದ ಮೊದಲಾಗುತ್ತದೆ. ಮೊದಲು ಯಾವ ಸಂಸ್ಕಾರವನ್ನೂ ಮಾಡದೆ ಎಲ್ಲ ಟ್ರ್ಯಾಕುಗಳ ಮಟ್ಟವನ್ನು ಮಾತ್ರ ಹೊಂದಿಸುವುದು. ಬಳಿಕ 80ರಿಂದ 100 ಹರ್ಟ್ಜಿನ ಕೆಳಗಿನದನ್ನು ಸೋಸಿಹಾಕಿ ಆ ನೆಲವನ್ನು ಬಾಸಿಗೂ ಡ್ರಮ್ಮಿಗೂ ಬಿಟ್ಟುಕೊಡುವುದು. 8 ಕಿಲೋಹರ್ಟ್ಜಿನ ಮೇಲಿನ ಗರಗಸದ ಪುಡಿಯಂತಹ ಅಂಶವನ್ನು ಕಳೆಯುವುದು. 200ರಿಂದ 400 ಹರ್ಟ್ಜಿನ ನಡುವೆ ಹಲವು ವಾದ್ಯಗಳು ನೆರೆದು ಉಂಟಾದ ಮಬ್ಬನ್ನು ಎರಡು ಮೂರು ಡೆಸಿಬೆಲ್‌ಗಳಷ್ಟು ತೆಳುಮಾಡುವುದು. ಅಂಗೈಯ ಅಂಚಿನಿಂದ ತಂತಿಯನ್ನು ಅದುಮಿ ನುಡಿಸುವ ಘಟ್ಟಗಳಲ್ಲಿ ಮಾತ್ರ 100ರಿಂದ 200 ಹರ್ಟ್ಜಿನ ಭಾಗವು ದಢಕ್ಕನೆ ಉಬ್ಬುವುದುಂಟು. ಆ ಪಟ್ಟಿಯಲ್ಲಿ ಮಾತ್ರ, ಉಬ್ಬಿದಾಗ ಮಾತ್ರ, ಹಿಡಿಯುವ ಮಲ್ಟಿಬ್ಯಾಂಡ್ ಕಂಪ್ರೆಸರು ಅಲ್ಲಿ ಸಾರ್ಥಕವಾದ ಸಾಧನ. ಕಂಠವು ಪ್ರಧಾನವಾದ ಗೀತೆಗಳಲ್ಲಿ 2ರಿಂದ 4 ಕಿಲೋಹರ್ಟ್ಜಿನ ಪ್ರದೇಶವನ್ನು ವಿಶೇಷ ವಿವೇಕದಿಂದ ಹಂಚಬೇಕು. ವ್ಯಂಜನಗಳ ಸ್ಪಷ್ಟತೆಯು ಬಹುಮಟ್ಟಿಗೆ ಅಲ್ಲಿಯೇ ನೆಲೆಸಿರುವುದರಿಂದ, ಕನ್ನಡ ಕವಿತೆಯನ್ನು ಗಿಟಾರಿನ ಮೇಳದಲ್ಲಿ ಹಾಡಿಸುವವರು ಅಲ್ಲಿ ಗಿಟಾರನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸದಿದ್ದರೆ, ಕೇಳುಗನಿಗೆ ರಾಗ ತಲುಪಿಯೂ ಸಾಹಿತ್ಯ ತಲುಪುವುದಿಲ್ಲ.

ವೈಶಾಲ್ಯದ ಪ್ರಶ್ನೆ ಇನ್ನೊಂದು. ಎಡಗಡೆಯೊಂದು ಬಲಗಡೆಯೊಂದು ಗಿಟಾರ್ ನಿಂತಾಗ ಬರುವ ಗೋಪುರದಂತಹ ಗಾತ್ರಕ್ಕೆ ಒಂದೇ ಮುದ್ರಣವನ್ನು ನಕಲಿಸಿ ಎರಡು ಕಡೆಗೆ ಇಟ್ಟರೆ ಸಾಲದು. ಎರಡೂ ಒಂದೇ ಆದುದರಿಂದ ಕಿವಿಯು ಅವನ್ನು ನಟ್ಟನಡುವೆ ಒಂದಾಗಿಯೇ ಕೇಳುತ್ತದೆ. ನಕಲನ್ನು ಕೆಲವು ಮಿಲಿಸೆಕೆಂಡ್ ತಡಮಾಡಿದರೆ ಅಗಲವಾದ ಭ್ರಮೆ ಬರುವುದು ನಿಜ. ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿದ್ವಾಂಸನು 1949ರಲ್ಲಿಯೇ ಕಿವಿಯ ಈ ಸ್ವಭಾವವನ್ನು ಪರೀಕ್ಷಿಸಿದ್ದನು. ಆದರೆ ಫೋನಿನ ಒಂಟಿ ಸ್ಪೀಕರಿನಲ್ಲಿ ಎರಡು ಪಾರ್ಶ್ವಗಳು ಕೂಡಿದೊಡನೆ ಅಲೆಗಳು ಕಡಿದಾಡಿ ನಾದವು ಟೊಳ್ಳಾಗುತ್ತದೆ. ನಿಜವಾದ ಉಪಾಯವು ಅದೇ ಭಾಗವನ್ನು ಪುನಃ ನುಡಿಸುವುದು. ಎರಡು ನುಡಿಸಾಣಿಕೆಗಳ ನಡುವಿನ ಕೂದಲೆಳೆಯ ವ್ಯತ್ಯಾಸಗಳೇ ಆ ವೈಶಾಲ್ಯದ ಉಪಾದಾನ. ಹೀಗೆ ಪದರಗಳನ್ನು ಕಟ್ಟುವಾಗ, ಒಂದೊಂದು ಪದರದ ಗೇಯ್ನನ್ನು ಒಂಟಿಯಾಗಿ ಕೇಳಿದಾಗ ಬೇಕೆನಿಸುವುದಕ್ಕಿಂತ ತಗ್ಗಿಸಬೇಕು; ನಾಲ್ಕು ಪದರಗಳ ವಿಕಾರವು ಕೂಡಿದಾಗ ಮೀಟಿನ ಆರಂಭದ ಚುರುಕು ಮುಳುಗಿಹೋಗುತ್ತದೆ.

ಅನುರಣನವನ್ನು ಕೊಡುವ ರಿವರ್ಬ್, ಮರುದನಿಯನ್ನು ಕೊಡುವ ಡಿಲೇ ಇವುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ನಿಮಿಷಕ್ಕೆ 120 ತಾಳದ ಗೀತೆಯಲ್ಲಿ ಒಂದು ತಾಳಕ್ಕೆ 500 ಮಿಲಿಸೆಕೆಂಡ್. ಡಿಲೇಯನ್ನು ಈ ಲೆಕ್ಕಕ್ಕೆ ಹೊಂದಿಸಿದರೆ ಅದು ಲಯದೊಳಗೆ ಅಡಗುತ್ತದೆ. ರಿವರ್ಬಿನ ಮಂದ್ರವನ್ನು ಸೋಸಿದರೆ ವಿಸ್ತಾರ ಉಳಿದು ಮಬ್ಬು ತೊಲಗುತ್ತದೆ. ಗಿಟಾರು ಕೇಳುಗನಿಗೆ ಎಷ್ಟು ಹತ್ತಿರ ಇರಬೇಕೆಂಬುದು ಮೊದಲೇ ನಿಶ್ಚಿತವಾಗಿದ್ದರೆ ಇವುಗಳ ಪ್ರಮಾಣವು ತಾನೇ ಗೊತ್ತಾಗುತ್ತದೆ.

ಕೋಣೆ ಮತ್ತು ಕಿವಿ

ಸ್ಟುಡಿಯೋವಿನ ಐಶ್ವರ್ಯವೆಲ್ಲ ಕಂಪ್ಯೂಟರಿನೊಳಗೆ ಬಂದುಬಿಟ್ಟಿದ್ದರೂ ಬರದೆ ಉಳಿದುದು ಅದರ ಕೋಣೆ. ಹನ್ನೊಂದು ಅಡಿ ಉದ್ದದ ಸಾಧಾರಣ ಕೋಣೆಯಲ್ಲಿ, ಎದುರುಬದುರು ಗೋಡೆಗಳ ನಡುವೆ ಸುಮಾರು 51 ಹರ್ಟ್ಜಿನ ಅಲೆಯೂ ಅದರ ಇಮ್ಮಡಿ ಮುಮ್ಮಡಿಗಳೂ ಸ್ಥಾಯಿಯಾಗಿ ನಿಲ್ಲುತ್ತವೆ. ಕುರ್ಚಿಯನ್ನು ಒಂದು ಗೋಡೆಗೆ ಒತ್ತಿಕೊಂಡವನಿಗೆ ಮಂದ್ರವು ಅತಿಯಾಗಿಯೂ, ಕೆಲವು ಸ್ಥಳಗಳಲ್ಲಿ ಕುಳಿತವನಿಗೆ ಇಲ್ಲವೇ ಇಲ್ಲವೆಂಬಂತೆಯೂ ಕೇಳುತ್ತದೆ. ನಮ್ಮ ಮನೆಗಳ ಸಿಮೆಂಟು ಗೋಡೆಯೂ ನುಣುಪಾದ ಟೈಲ್ಸಿನ ನೆಲವೂ ತಾರದ ಪ್ರತಿಧ್ವನಿಯನ್ನು ಹೆಚ್ಚಿಸುತ್ತವೆ. ಹತ್ತಿಯ ಹಾಸಿಗೆ, ದಪ್ಪ ಪರದೆ, ಪುಸ್ತಕ ತುಂಬಿದ ಕಪಾಟು ಇವುಗಳಿಂದ ತಾರದ ಮಟ್ಟಿಗೆ ಸಾಕಷ್ಟು ಉಪಶಮನ ದೊರೆಯುತ್ತದೆ. ಮಂದ್ರದ ವಿಷಯದಲ್ಲಿ ಹೆಡ್‌ಫೋನನ್ನೂ, ಚೆನ್ನಾಗಿ ಪರಿಚಿತವಾದ ಬೇರೆಯವರ ಮುದ್ರಣಗಳನ್ನೂ ಸಾಕ್ಷಿಗಳನ್ನಾಗಿ ಇಟ್ಟುಕೊಳ್ಳುವುದು ಕ್ಷೇಮ.

ಕಿವಿಯೂ ನಿಷ್ಪಕ್ಷಪಾತವಾದ ನ್ಯಾಯಾಧೀಶನಲ್ಲ. ಶಬ್ದದ ಮಟ್ಟ ತಗ್ಗಿದಂತೆ ಮಂದ್ರ ತಾರಗಳು ಕಿವಿಗೆ ಕ್ಷೀಣಿಸುತ್ತವೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಅಳೆದು ತೋರಿಸಿದರು. ಇದರಿಂದ ಒಂದು ವಂಚನೆ ನಿತ್ಯವೂ ನಡೆಯುತ್ತದೆ: ಯಾವ ಪ್ಲಗಿನ್ನು ಮಟ್ಟವನ್ನು ಒಂದು ಡೆಸಿಬೆಲ್ ಏರಿಸಿತೋ ಅದೇ ನಾದವನ್ನು ಉತ್ತಮಪಡಿಸಿತೆಂದು ಮನಸ್ಸು ತೀರ್ಪು ಕೊಡುತ್ತದೆ. ಸಂಸ್ಕಾರದ ಮುನ್ನ ಮತ್ತು ಅನಂತರದ ಮಟ್ಟಗಳನ್ನು ಸಮಮಾಡಿ ಹೋಲಿಸುವವನು, ತಾನು ಸೇರಿಸಿದ ಉಪಕರಣಗಳಲ್ಲಿ ಹಲವು ನಿಷ್ಪ್ರಯೋಜಕವೆಂದು ಕಂಡುಕೊಂಡು ತೆಗೆದುಹಾಕುತ್ತಾನೆ. ಈ ಒಂದು ಅಭ್ಯಾಸವು ಕೊಡುವ ಪ್ರಯೋಜನವನ್ನು ಹಣಕೊಟ್ಟು ಕೊಳ್ಳುವ ಯಾವ ತಂತ್ರಾಂಶವೂ ಕೊಡಲಾರದು.

ನಿರ್ಣಯ

ಈ ಸಮೀಕ್ಷೆಯನ್ನೆಲ್ಲ ಒಟ್ಟಾಗಿ ನೋಡಿದರೆ ಸ್ಪಷ್ಟವಾಗುವ ಸಂಗತಿಯೊಂದುಂಟು. ಗಿಟಾರಿನ ಶುದ್ಧ ಸಂಕೇತವನ್ನು ಹಾಗೆಯೇ ಮುದ್ರಿಸಿಟ್ಟುಕೊಂಡರೆ ಅದನ್ನು ಎಂದು ಬೇಕಾದರೂ, ಯಾವ ಆಂಪಿನ ಮೂಲಕ ಬೇಕಾದರೂ ಪುನಃ ಹಾಯಿಸಬಹುದು. ಈ ಸೌಕರ್ಯವು ನಿಸ್ಸಂದೇಹವಾಗಿ ದೊಡ್ಡ ವರ. ಆದರೆ ಲೆಸ್ ಪಾಲನಿಗೆ ಯಂತ್ರವೇ ವಿಧಿಸಿದ್ದ ಶಿಸ್ತನ್ನು ಈ ವರವು ನಮ್ಮಿಂದ ಕಿತ್ತುಕೊಂಡಿದೆ. ಯಾವ ತೀರ್ಮಾನವೂ ಕಡೆಯದಲ್ಲವಾದಾಗ ಯಾವ ತೀರ್ಮಾನವನ್ನೂ ಮಾಡದೆ ಇರುವುದು ಸುಲಭವಾಗುತ್ತದೆ. ನುಡಿಸುವವನು ತನ್ನ ಬೆರಳಿನ ಬಲವನ್ನು ನಾದಕ್ಕೆ ಹೊಂದಿಸುವುದಿಲ್ಲ, ಏಕೆಂದರೆ ನಾದವೇ ಇನ್ನೂ ನಿಶ್ಚಿತವಾಗಿಲ್ಲ. ಎರಡನೆಯ ವಾದ್ಯವು ಮೊದಲನೆಯದಕ್ಕೆ ಉತ್ತರ ಕೊಡುವುದಿಲ್ಲ, ಏಕೆಂದರೆ ಮೊದಲನೆಯದು ನಾಳೆ ಬೇರೆಯಾಗಬಹುದು. ಹೀಗೆ ಮುಂದೂಡಿದ ನೂರು ನಿರ್ಣಯಗಳು ಕೊನೆಯಲ್ಲಿ ಮಿಕ್ಸಿಂಗ್ ಎಂಬ ಹೆಸರಿನಲ್ಲಿ ಒಟ್ಟಿಗೆ ಬಂದು ಎರಗುತ್ತವೆ. ಮಿಕ್ಸಿಂಗ್ ಎಂಬ ಕಲೆಯು ಆ ಭಾರವನ್ನು ಹೊರುವುದಕ್ಕೆ ಹುಟ್ಟಿದುದಲ್ಲ.

ಆದುದರಿಂದ ಮನೆಯಲ್ಲಿ ಈ ಕೆಲಸಕ್ಕೆ ಕೈಯಿಡುವವರಿಗೆ ನನ್ನ ವಿನಂತಿ ಇಷ್ಟು. ಶುದ್ಧ ಸಂಕೇತದ ಒಂದು ಪ್ರತಿಯನ್ನು ಕಾಪಾಡಿಕೊಳ್ಳಿರಿ, ಆದರೆ ಅದನ್ನು ಟ್ರಂಕಿನಲ್ಲಿಟ್ಟ ಪತ್ರದಂತೆ ಬದಿಗಿಡಿರಿ. ಒರಟಾದರೂ ಸರಿ, ತಾಳವನ್ನೂ ಬಾಸನ್ನೂ ಕಂಠದ ಒಂದು ಕರಡನ್ನೂ ಮೊದಲು ಹಾಸಿಕೊಂಡು, ಅವುಗಳ ನಡುವೆಯೇ ಗಿಟಾರಿನ ನಾದವನ್ನು ಹುಡುಕಿರಿ. ಸಿಕ್ಕಿದ ನಾದವನ್ನು ಆಂಪು, ಸ್ಪೀಕರ್ ಸಹಿತವಾಗಿ ಆಡಿಯೋ ರೂಪದಲ್ಲಿ ಮುದ್ರಿಸಿಬಿಡಿರಿ. ಮುಂದಿನ ಭಾಗವನ್ನು ಅದಕ್ಕೆ ಕಿವಿಗೊಟ್ಟು ನುಡಿಸಿರಿ. ಹಾಗೆ ಮಾಡಿದಾಗ ಮೊದಲ ಪದರವು ಎರಡನೆಯದರ ಸ್ವರೂಪವನ್ನೂ, ಎರಡನೆಯದು ಮೂರನೆಯದರ ಸ್ವರೂಪವನ್ನೂ ನಿರ್ದೇಶಿಸುತ್ತ ಹೋಗಿ, ಕಡೆಯಲ್ಲಿ ಮಿಕ್ಸಿಗೆ ಉಳಿಯುವ ಕೆಲಸವು ಮಟ್ಟಗಳನ್ನು ಹೊಂದಿಸುವುದೂ ಅಲ್ಲೊಂದು ಇಲ್ಲೊಂದು ಅಂಚನ್ನು ನಯಗೊಳಿಸುವುದೂ ಮಾತ್ರ ಆಗಿರುತ್ತದೆ. ಸಾಧನಗಳು ಇನ್ನೂ ಅಗ್ಗವಾಗುತ್ತವೆ, ಇನ್ನೂ ನಿಖರವಾಗುತ್ತವೆ. ಅವು ಕೊಡಲಾರದ ವಸ್ತುವು ಇಂತಹುದೇ ನಾದ ಬೇಕು ಎಂದು ಮೊದಲೇ ನಿಶ್ಚಯಿಸುವ ಮನಸ್ಸು. ಅದನ್ನು ಬೆಳೆಸಿಕೊಂಡವನಿಗೆ ಒಂದು ಗಿಟಾರು, ಒಂದು ಸಣ್ಣ ಇಂಟರ್‌ಫೇಸು, ಉಚಿತವಾಗಿ ದೊರೆತ ಒಂದು ಆಂಪಿನ ಅಚ್ಚು ಇವಿಷ್ಟೇ ಧಾರಾಳವಾಗಿ ಸಾಕು.